ಸಿಪ್ಪರ್ ಬಿಡಿಸಿ ಲೋಟ ಹಿಡಿಸೋದು ಯಾವಾಗ, ಹೇಗೆ? ಪುಟ್ಟ ಮಕ್ಕಳ ಮನೆಗೂ, ಮಾರೋ ಅಂಗಡಿಗೂ ಬೇಕಾದ ಮಾಹಿತಿ

ಹಾಸನ: ಮಗುವಿಗೆ ಎರಡು ವರ್ಷ ತುಂಬಿರುತ್ತೆ. ಮನೆಯೆಲ್ಲಾ ಓಡಾಡುತ್ತೆ, ಮೊಬೈಲ್‌ನಲ್ಲಿ ಬೇಕಾದ ಹಾಡು ತಾನೇ ಹಾಕ್ಕೊಳ್ಳುತ್ತೆ. ಹಾಲು ಮಾತ್ರ ಮೂತಿ ಇರೋ ಸಿಪ್ಪರ್‌ನಲ್ಲೇ ಬೇಕು. ಲೋಟದಲ್ಲಿ ಕೊಟ್ಟರೆ ಮುಖ ತಿರುಗಿಸುತ್ತೆ, ಇಲ್ಲಾ ಅರ್ಧ ಎದೆ ಮೇಲೆ ಚೆಲ್ಲಿಕೊಳ್ಳುತ್ತೆ. ಅರಸೀಕೆರೆ ಇರಲಿ, ಸಕಲೇಶಪುರ ಇರಲಿ, ಚಿಕ್ಕ ಮಕ್ಕಳಿರೋ ಮನೆಗೆ ಇದು ಹೊಸ ವಿಷಯವೇನಲ್ಲ. ದೊಡ್ಡದಾದ ಮೇಲೆ ತಾನೇ ಬಿಡುತ್ತೆ ಅಂತ ಮನೆಯವರು ಸುಮ್ಮನಾಗ್ತಾರೆ. ಬಿಡೋದೇನೋ ಬಿಡುತ್ತೆ. ಅಷ್ಟರೊಳಗೆ ಮೇಲಿನ ಮುಂದಿನ ಹಲ್ಲುಗಳು ಹುಳುಕಾಗಿದ್ದರೆ ಅನುಭವಿಸೋದು ಮಗು.

ವಯಸ್ಸಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಮೊದಲ 6 ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. 6 ತಿಂಗಳು ತುಂಬಿ ರಾಗಿ ಸರಿ, ಬೇಳೆಕಟ್ಟು ಶುರುವಾದಾಗ ಅದರ ಜೊತೆಗೇ ಲೋಟವನ್ನೂ ಶುರು ಮಾಡಬಹುದು. ಅಂದ್ರೆ ಆ ವಯಸ್ಸಿನ ಮಗು ಲೋಟ ಖಾಲಿ ಮಾಡಬೇಕು ಅಂತಲ್ಲ. ಒಂದೆರಡು ಚಮಚದಷ್ಟು ನೀರು ಹಾಕಿ, ದೊಡ್ಡವರೇ ಹಿಡಿದು, ತುಟಿಗೆ ತಾಗಿಸೋದು. ರುಚಿ ನೋಡಿದರೆ ಸಾಕು.

ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಡ 6 ತಿಂಗಳ ಹೊತ್ತಿಗೆ ಕಪ್ ಪರಿಚಯಿಸಿ, ಹಾಲಿನ ಬಾಟ್ಲಿಯನ್ನು 12ರಿಂದ 18 ತಿಂಗಳೊಳಗೆ ಪೂರ್ತಿ ಬಿಡಿಸಿ ಅನ್ನುತ್ತೆ. ಅದೇ ದೇಶದ ಸಿಡಿಸಿ ಅನ್ನೋ ಸರ್ಕಾರಿ ಆರೋಗ್ಯ ಸಂಸ್ಥೆಯ ಮಕ್ಕಳ ಬೆಳವಣಿಗೆ ಪಟ್ಟಿಯಲ್ಲಿ, 1 ವರ್ಷಕ್ಕೆ ದೊಡ್ಡವರು ಹಿಡಿದುಕೊಂಡರೆ ಮುಚ್ಚಳವಿಲ್ಲದ ಕಪ್‌ನಿಂದ ಕುಡಿಯುತ್ತೆ, ಒಂದೂವರೆ ವರ್ಷಕ್ಕೆ ತಾನೇ ಕುಡಿಯುತ್ತೆ, ಆಗಾಗ ಚೆಲ್ಲಬಹುದು ಅಂತ ಬರೆದಿದೆ. ಚೆಲ್ಲೋದು ಪಟ್ಟಿಯಲ್ಲೇ ಇದೆ ಅನ್ನೋದನ್ನ ಮನೆಯವರು ಗಮನಿಸಬೇಕು.

ತಿಂಗಳು ಲೆಕ್ಕ ಹಾಕೋದು ಕಷ್ಟ ಅನ್ನೋರಿಗೆ ತಾಯಿ ಕಾರ್ಡ್ ಸುಲಭ ದಾರಿ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ಹೋಗ್ತೀರಲ್ಲ, ಆ ಹೊತ್ತಿಗೆ ಮಗುವಿಗೆ ಲೋಟದ ಅಂಚು ಗೊತ್ತಿರಬೇಕು. 16 ತಿಂಗಳು ಕಳೆದ ಮೇಲೆ ಬರೋ ಬೂಸ್ಟರ್ ಹೊತ್ತಿಗೆ ಸಿಪ್ಪರ್ ಅಟ್ಟ ಸೇರಿರಬೇಕು.

ಸಿಪ್ಪರ್ ಹುಟ್ಟಿದ್ದು ನೆಲ ಒರೆಸೋ ತಾಪತ್ರಯಕ್ಕೆ

ಮುಚ್ಚಳದ ಕಪ್ಪುಗಳು ಮೊದಲೂ ಇದ್ದವು. ಬೋರಲು ಹಾಕಿದರೂ ಹನಿ ಚೆಲ್ಲದ, ಒಳಗೆ ವಾಲ್ವ್ ಇರೋ ಕಪ್ಪನ್ನ 1980ರ ದಶಕದ ಕೊನೆಯಲ್ಲಿ ರೂಪಿಸಿದ್ದು ರಿಚರ್ಡ್ ಬೆಲಾಂಜರ್ ಅನ್ನೋ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್. ಅವರ ಮಗು ಹೋದಲ್ಲೆಲ್ಲಾ ಚೆಲ್ಲುತ್ತಿತ್ತು, ಒರೆಸಿ ಒರೆಸಿ ಸಾಕಾಗಿತ್ತು. ಆಮೇಲೆ ಪ್ಲೇಟೆಕ್ಸ್ ಕಂಪನಿ ಅದನ್ನ ಮಾರುಕಟ್ಟೆಗೆ ತಂದು ಮನೆಮಾತಾಯ್ತು. ಕಾರ್ಪೆಟ್ ಹಾಸಿದ ಮನೆಗೆ ಅದು ದೊಡ್ಡ ಉಪಕಾರ, ನಿಜ. ರೆಡ್ ಆಕ್ಸೈಡ್ ನೆಲ, ಟೈಲ್ಸ್ ನೆಲ ಇರೋ ನಮ್ಮ ಕಡೆ ಒಂದು ಹಳೇ ಪಂಚೆ ತುಂಡು ಸಾಕಾಗುತ್ತೆ.

ಹಾಗೆ ನೋಡಿದರೆ ಮುಚ್ಚಳವಿಲ್ಲದೆ ಕುಡಿಸೋದು ನಮ್ಮಲ್ಲಿ ಹಳೇ ವಿದ್ಯೆ. ಒಳಲೆ ಅಂದ್ರೆ ಅಜ್ಜಿಯರಿಗೆ ತಕ್ಷಣ ಗೊತ್ತಾಗುತ್ತೆ. ಬೆಳ್ಳಿಯದ್ದೋ ಹಿತ್ತಾಳೆಯದ್ದೋ, ಒಂದು ಕಡೆ ಕೊಕ್ಕಿನಂತೆ ಚೂಪಾದ ಪುಟ್ಟ ಬಟ್ಟಲು. ಹುಟ್ಟುವಾಗ ತೂಕ ಕಡಿಮೆ ಇರೋ, ಎದೆ ಚೀಪಲು ಶಕ್ತಿ ಇಲ್ಲದ ಕೂಸುಗಳಿಗೆ ಹಿಂಡಿದ ಎದೆಹಾಲು ಕುಡಿಸಲು ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಈಗಲೂ ಬಳಸೋದು ಬಾಟ್ಲಿಯನ್ನಲ್ಲ, ಇದೇ ಒಳಲೆಯನ್ನ ಅಥವಾ ಬಟ್ಟಲು-ಚಮಚವನ್ನ. ಕಾರಣ ಸರಳ: ತೊಳೆಯೋದು ಸುಲಭ, ಮೂಲೆ ಮುಡುಕು ಇಲ್ಲ.

ತೊಂದರೆ ಎಲ್ಲಿದೆ?

ಮೊದಲನೆಯದು ಹಲ್ಲು. ಲೋಟದ ಹಾಲು ಐದು ನಿಮಿಷದಲ್ಲಿ ಮುಗಿಯುತ್ತೆ. ಸಿಪ್ಪರ್ ಹಾಗಲ್ಲ, ಮಗು ಅದನ್ನ ಕೈಯಲ್ಲಿ ಹಿಡಿದುಕೊಂಡು ಒಂದೊಂದು ಗುಟುಕು ಅಂತ ಎರಡು ಗಂಟೆ ಓಡಾಡುತ್ತೆ. ಬಾಯಲ್ಲಿರೋ ಬ್ಯಾಕ್ಟೀರಿಯಾ ಸಕ್ಕರೆ ಸಿಕ್ಕಿದಾಗಲೆಲ್ಲಾ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವನ್ನ ತಿನ್ನುತ್ತೆ. ಊಟಕ್ಕೂ ಊಟಕ್ಕೂ ನಡುವೆ ಬಿಡುವಿದ್ದರೆ ಜೊಲ್ಲು ಅದನ್ನ ಸರಿ ಮಾಡಿಕೊಳ್ಳುತ್ತೆ. ಗುಟುಕು ಗುಟುಕಾಗಿ ಕುಡಿಯೋ ಮಗುವಿನ ಬಾಯಿಗೆ ಆ ಬಿಡುವೇ ಸಿಗಲ್ಲ. ಅದರಲ್ಲೂ ಸಕ್ಕರೆ ಹಾಕಿದ ಹಾಲು, ಬೆಲ್ಲದ ನೀರು, ಜ್ಯೂಸ್, ಡಬ್ಬಿ ಪುಡಿ ಕಲಸಿದ ಹಾಲು ಇದ್ದರಂತೂ ಮುಗೀತು. ರಾತ್ರಿ ಬಾಯಲ್ಲಿ ಇಟ್ಟುಕೊಂಡೇ ಮಲಗೋದು ಇನ್ನೂ ಕೆಟ್ಟದ್ದು, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ ಕಂಡರೆ ಅದೇ ಮೊದಲ ಸೂಚನೆ. ಕಂದು ಬಣ್ಣಕ್ಕೆ ತಿರುಗೋ ತನಕ ಕಾಯಬೇಡಿ. ಬೀಳೋ ಹಲ್ಲಲ್ವಾ ಅನ್ನೋರಿಗೆ ಒಂದು ಮಾತು: ಹಾಲುಹಲ್ಲಿನಲ್ಲಿ ಮುಂದಿನವು ಆರೇಳು ವರ್ಷಕ್ಕೆ, ಹಿಂದಿನ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷಕ್ಕೆ ಬೀಳೋದು. ಅಲ್ಲಿವರೆಗೂ ಅಗಿಯೋಕೆ ಅವೇ ಗತಿ.

ಎರಡನೆಯದು ಕೊಳೆ. ಸಿಪ್ಪರ್ ಬಿಚ್ಚಿ ನೋಡಿ. ಮೂತಿ, ರಬ್ಬರ್ ವಾಷರ್, ವಾಲ್ವ್, ಸ್ಟ್ರಾ. ವಾಲ್ವ್ ಅಡಿಯಲ್ಲಿ ಹಾಲಿನ ಜಿಡ್ಡು ಕೂತು ಕಪ್ಪು ಬೂಷ್ಟು ಹಿಡಿದಿರುತ್ತೆ, ಹೊರಗಿನಿಂದ ಕಾಣಲ್ಲ. ಮಗುವಿಗೆ ಮೇಲಿಂದ ಮೇಲೆ ಭೇದಿ ಆಗ್ತಿದ್ದರೆ ನೀರಿನ ಜೊತೆಗೆ ಈ ವಾಲ್ವ್ ಮೇಲೂ ಅನುಮಾನ ಪಡಬೇಕು. ಸ್ಟೀಲ್ ಲೋಟಕ್ಕೆ ಸೋಪು, ನಾರು, ನೀರು ಇಷ್ಟೇ ಸಾಕು.

ಮೂರನೆಯದು ಹೊಟ್ಟೆ. ಇದರ ಬಗ್ಗೆ ಮಾತಾಡೋರು ಕಡಿಮೆ. ಸಿಪ್ಪರ್ ಕೈಲಿದ್ದರೆ ಮಗು ದಿನಕ್ಕೆ ಲೀಟರ್ ಹಾಲು ಕುಡಿದರೂ ಲೆಕ್ಕ ಸಿಗಲ್ಲ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಸಾಕು. ಹಸುವಿನ ಹಾಲಲ್ಲಿ ಕಬ್ಬಿಣದ ಅಂಶ ತೀರಾ ಕಮ್ಮಿ. ಹಾಲಲ್ಲೇ ಹೊಟ್ಟೆ ತುಂಬಿದ ಮಗು ಮುದ್ದೆ, ಸೊಪ್ಪು, ಕಾಳು, ಮೊಟ್ಟೆ ಮುಟ್ಟಲ್ಲ, ರಕ್ತ ಕಡಿಮೆಯಾಗುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಅದಕ್ಕೆಲ್ಲಾ ಸಿಪ್ಪರ್ ಕಾರಣ ಅಲ್ಲ. ಆದ್ರೆ ಊಟ ಬಿಟ್ಟು ಬರೀ ಹಾಲು ಕುಡಿಯೋ ಮಗುವಿನ ಮನೆಯವರು ಈ ಅಂಕಿ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಅಭ್ಯಾಸ ಇದೆ. ನಿಪ್ಪಲ್ ತೂತು ದೊಡ್ಡದು ಮಾಡಿ ರಾಗಿ ಸರಿಯನ್ನೇ ನೀರಾಗಿಸಿ ಬಾಟ್ಲಿಯಲ್ಲಿ ಕುಡಿಸೋದು. ತಿನ್ನಿಸೋ ಸಮಯ ಉಳಿಯುತ್ತೆ, ಸರಿ. ಆದ್ರೆ ಸರಿ ಚಮಚದಿಂದ ಜಾರದಷ್ಟು ಗಟ್ಟಿ ಇದ್ದರೇನೇ ಮಗುವಿಗೆ ಶಕ್ತಿ ಸಿಗೋದು. ನೀರು ಮಾಡಿದರೆ ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಅಗಿಯೋದನ್ನೂ ಕಲಿಯಲ್ಲ.

ನಾಲಿಗೆಯ ವಿಷಯಾನೂ ಇದೆ. ಕೂಸು ಹಾಲು ಚೀಪುವಾಗ ನಾಲಿಗೆ ಮುಂದಕ್ಕೂ ಹಿಂದಕ್ಕೂ ಆಡುತ್ತೆ. ದೊಡ್ಡವರು ನುಂಗುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಹೋಗಿ ಒತ್ತುತ್ತೆ. ಗಟ್ಟಿ ಮೂತಿಯ ಸಿಪ್ಪರ್ ನಾಲಿಗೆ ಮೇಲೆ ಕೂತು ತುದಿ ಮೇಲೇಳದಂತೆ ತಡೆಯುತ್ತೆ. ಹಾಗಾಗಿ ದಿನವಿಡೀ ಅದನ್ನೇ ಬಳಸಬೇಡಿ ಅಂತ ವಾಕ್ ಚಿಕಿತ್ಸಕರು ಹೇಳ್ತಾರೆ. ಸಿಪ್ಪರ್‌ನಿಂದಲೇ ಮಾತು ತಡ ಆಗುತ್ತೆ ಅಂತ ವಾಟ್ಸಾಪ್‌ನಲ್ಲಿ ಓಡಾಡೋದನ್ನ ಮಾತ್ರ ನಂಬಬೇಡಿ, ಮಾತು ತಡವಾಗೋಕೆ ಕಿವಿ ಕೇಳಿಸದಿರೋದೂ ಸೇರಿ ಬೇರೆ ಬೇರೆ ಕಾರಣ ಇರುತ್ತೆ.

ಬಿದ್ದು ಗಾಯ ಆಗೋದನ್ನೂ ಮರೆಯಬಾರದು. ಅಮೆರಿಕದಲ್ಲಿ 1991ರಿಂದ 2010ರವರೆಗೆ ಬಾಟ್ಲಿ, ಚೀಪುವ ನಿಪ್ಪಲ್, ಸಿಪ್ಪರ್‌ಗಳಿಂದ ಗಾಯಗೊಂಡು 45 ಸಾವಿರಕ್ಕೂ ಹೆಚ್ಚು ಪುಟ್ಟ ಮಕ್ಕಳು ತುರ್ತು ಚಿಕಿತ್ಸೆಗೆ ಬಂದಿದ್ದರು ಅಂತ 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಹೆಚ್ಚಿನವು ಬಾಯಲ್ಲಿ ಇಟ್ಟುಕೊಂಡು ನಡೆಯುವಾಗ ಬಿದ್ದದ್ದು. ಲೋಟವೇ ಆಗಲಿ ಸಿಪ್ಪರ್ರೇ ಆಗಲಿ, ಕೂತು ಕುಡಿಯಲಿ.

ಕಲಿಸೋದು ಹೇಗೆ?

ಲೋಟ ಚಿಕ್ಕದಿರಲಿ. ಹಾಸನ ಸೀಮೆಯಲ್ಲಿ ಇದಕ್ಕೆ ಹುಡುಕಾಡಬೇಕಿಲ್ಲ, ಫಿಲ್ಟರ್ ಕಾಫಿಯ ಪುಟ್ಟ ಸ್ಟೀಲ್ ಲೋಟ ಹೇಳಿ ಮಾಡಿಸಿದ ಹಾಗಿದೆ. ಅಂಚು ಹೊರಕ್ಕೆ ಬಾಗಿರುತ್ತೆ, ಕೆಳತುಟಿಗೆ ಸರಿಯಾಗಿ ಕೂರುತ್ತೆ, ಮಗುವಿನ ಎರಡೂ ಕೈಗೆ ಸಿಗುತ್ತೆ. ನಾಮಕರಣಕ್ಕೆ ಬಂದ ಬೆಳ್ಳಿ ಲೋಟ ಬೀರುವಿನಲ್ಲಿದ್ದರೆ ಅದೂ ಆದೀತು. ಸ್ಟೀಲ್ ಬೇಗ ಬಿಸಿಯಾಗುತ್ತೆ, ಆರಿಸಿ ಕೊಡಿ. ತಾಮ್ರದ ಲೋಟ, ಕಲಾಯಿ ಇಲ್ಲದ ಹಿತ್ತಾಳೆ ಲೋಟದಲ್ಲಿ ಹಾಲು, ಮಜ್ಜಿಗೆ, ನಿಂಬೆ ಪಾನಕ ಬೇಡ. ಹಿಂದೆ ಪುಟ್ಟ ಮಕ್ಕಳ ಜೀವ ತೆಗೀತಿದ್ದ ಒಂದು ಬಗೆಯ ಲಿವರ್ ಕಾಯಿಲೆಗೂ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲಿಗೂ ಸಂಬಂಧ ಇದೆ ಅಂತ 1980ರ ದಶಕದಲ್ಲೇ ಪುಣೆಯ ವೈದ್ಯರು ತೋರಿಸಿದ್ದಾರೆ.

ಮಗುವನ್ನ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಳ್ಳಿ. ಮಲಗಿಸಿ ಕುಡಿಸಬೇಡಿ. ಲೋಟದ ತಳದಲ್ಲಿ ಒಂದೆರಡು ಗುಟುಕಷ್ಟೇ ಇರಲಿ, ಅಂಚನ್ನ ಕೆಳತುಟಿ ಮೇಲೆ ಇಟ್ಟು, ನೀರು ಮೇಲ್ತುಟಿಗೆ ತಾಗೋವಷ್ಟು ಮಾತ್ರ ಬಾಗಿಸಿ ನಿಲ್ಲಿಸಿ. ಬಾಯೊಳಗೆ ಸುರಿಯೋದು ಬೇಡ, ಮಗುವೇ ಹೀರಿಕೊಳ್ಳಲಿ. ಒಂದು ಗುಟುಕು ಆದಮೇಲೆ ಲೋಟ ಇಳಿಸಿ, ಉಸಿರು ಬಿಡಲಿ, ಆಮೇಲೆ ಇನ್ನೊಂದು. ನೀರು ಬೇಗ ಹರಿದು ಕೆಮ್ಮು ಬರುತ್ತೆ ಅನಿಸಿದರೆ ರಾಗಿ ಗಂಜಿಯಿಂದ ಶುರು ಮಾಡಿ, ಅದು ನಿಧಾನ ಬರುತ್ತೆ. ಸ್ನಾನದ ಹೊತ್ತಲ್ಲಿ, ಹಿತ್ತಲಲ್ಲಿ ಕೂತಾಗ ಖಾಲಿ ಲೋಟ, ನೀರು ಕೊಟ್ಟು ಆಡೋಕೆ ಬಿಟ್ಟರೆ ಅರ್ಧ ಪಾಠ ಅಲ್ಲೇ ಆಗುತ್ತೆ.

ಸಿಪ್ಪರ್ ಒಂದೇ ದಿನ ಕಿತ್ತುಕೊಂಡರೆ ರಂಪ ಆಗುತ್ತೆ. ಮೊದಲು ಮಧ್ಯಾಹ್ನದ್ದು ಬಿಡಿಸಿ. ನಾಲ್ಕೈದು ದಿನ ಬಿಟ್ಟು ಬೆಳಗಿನದ್ದು. ರಾತ್ರಿಯದ್ದು ಕೊನೆಗೆ, ಅದೇ ಕಷ್ಟದ್ದು. ರಾತ್ರಿಗೆ ಸಿಪ್ಪರ್‌ನಲ್ಲಿ ಬರೀ ನೀರು ಹಾಕಿ ಕೊಟ್ಟರೆ ಎಷ್ಟೋ ಮಕ್ಕಳಿಗೆ ಆಸಕ್ತಿ ತಾನೇ ಹೋಗುತ್ತೆ. ಹಾಲನ್ನ ಊಟದ ಜೊತೆಗೆ ಲೋಟದಲ್ಲಿ ಕೊಟ್ಟು, ಹಲ್ಲು ಉಜ್ಜಿಸಿ ಮಲಗಿಸಿ. ಮೂರು ವರ್ಷದೊಳಗಿನ ಮಗುವಿಗೆ ಪೇಸ್ಟ್ ಅಕ್ಕಿ ಕಾಳಿನಷ್ಟು ಸಾಕು. ಜ್ವರ, ಭೇದಿ ಇರುವಾಗ, ಮನೆಗೆ ಹೊಸ ಪಾಪು ಬಂದ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಸ್ಟ್ರಾ ಇರೋ ಕಪ್ ಆಗಬಹುದಾ? ನಡುವೆ ಮೆಟ್ಟಿಲಾಗಿ ಆಗಬಹುದು, ಗಟ್ಟಿ ಮೂತಿಗಿಂತ ವಾಸಿ. ಸ್ಟ್ರಾ ಒಳಗಡೆ ಉಜ್ಜೋ ಬ್ರಷ್ ಇದ್ದರೆ ಮಾತ್ರ ಕೊಳ್ಳಿ.

ಮೊದಲ ಒಂದೆರಡು ವಾರ ಮಗು ಕುಡಿಯೋ ಹಾಲು ಕಡಿಮೆ ಆಗುತ್ತೆ. ಮಗು ಬಡವಾಯ್ತು ಅಂತ ಅಜ್ಜಿ ಬೇಸರ ಮಾಡ್ಕೊಂಡು ಸಿಪ್ಪರ್ ವಾಪಸ್ ತರೋದು ಇದೇ ಹೊತ್ತಲ್ಲಿ. ಮೊಸರನ್ನ, ರಾಗಿ ಕೊಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ.

ಎಂಜಲು ವಿಚಾರಕ್ಕೂ ಕೆಲವು ಮನೆಗಳಲ್ಲಿ ಮಾತು ಬರುತ್ತೆ. ಲೋಟ ಕಚ್ಚಿ ಕುಡಿಯಬಾರದು, ಎತ್ತಿ ಕುಡಿ ಅಂತ ಹಿರಿಯರು ಹೇಳ್ತಾರೆ. ಒಂದೂವರೆ ವರ್ಷದ ಮಗುವಿಗೆ ಎತ್ತಿ ಸುರಿದರೆ ನೆತ್ತಿಗೇರುತ್ತೆ. ಮಗುವಿಗೇ ಅಂತ ಒಂದು ಲೋಟ ಬೇರೆ ಇಟ್ಟರೆ ಜಗಳ ಇಲ್ಲ. ಎತ್ತಿ ಕುಡಿಯೋದನ್ನ ಶಾಲೆಗೆ ಹೋಗೋ ವಯಸ್ಸಿನಲ್ಲಿ ಕಲಿಯಲಿ.

ಅಂಗಡಿಯವರ ಗಮನಕ್ಕೆ

ಬಾಟ್ಲಿ, ಹಾಲಿನ ಪುಡಿ ಮಾರೋ ಮೆಡಿಕಲ್, ಫ್ಯಾನ್ಸಿ, ಪ್ರಾವಿಷನ್ ಸ್ಟೋರ್‌ನವರಿಗೆ 1992ರ ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟ್ಲಿಗಳು ಮತ್ತು ಶಿಶು ಆಹಾರ ಕಾಯ್ದೆ ಅನ್ವಯಿಸುತ್ತೆ. 2003ರಲ್ಲಿ ತಿದ್ದುಪಡಿ ಮಾಡಿ ಬಿಗಿ ಮಾಡಿದ್ದಾರೆ. ಮಾರೋದು ತಪ್ಪಲ್ಲ. ಜಾಹೀರಾತು ಹಾಕೋದು, ಕೊಂಡರೆ ಇದು ಫ್ರೀ ಅನ್ನೋದು, ಸ್ಯಾಂಪಲ್ ಹಂಚೋದು ತಪ್ಪು. 3 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ ಆಗಬಹುದು. ಕಾಯ್ದೆಯಲ್ಲಿ ಬಾಟ್ಲಿ ಅಂದ್ರೆ ಬರೀ ಬಾಟ್ಲಿ ಅಲ್ಲ, ಶಿಶು ಹಾಲಿನ ಬದಲಿ ಕುಡಿಸಲು ಬಳಸೋ ಯಾವುದೇ ಪಾತ್ರೆ, ಅದಕ್ಕೆ ಹಾಕೋ ನಿಪ್ಪಲ್, ವಾಲ್ವ್ ಕೂಡ ಸೇರುತ್ತೆ. ನಿಪ್ಪಲ್ ಬದಲಾಯಿಸಬಹುದಾದ ಸಿಪ್ಪರ್‌ಗೆ ಆಫರ್ ಬೋರ್ಡ್ ಹಾಕೋ ಮುಂಚೆ ಯೋಚಿಸಿ.

ಪ್ಲಾಸ್ಟಿಕ್ ಬಾಟ್ಲಿ ತರಿಸುವಾಗ ಐಎಸ್ 14625 ಅನ್ನೋ ಬಿಐಎಸ್ ಗುರುತು ನೋಡಿ. ಬಿಪಿಎ ಅನ್ನೋ ರಾಸಾಯನಿಕ ಬಿಡೋ ಪಾಲಿಕಾರ್ಬೊನೇಟ್ ಮಗುವಿನ ಬಾಟ್ಲಿಗೆ 2015ರಿಂದ ಸಲ್ಲದು. ಮಗುವಿನ ಲೋಟ ಕೇಳಿ ಬಂದವರಿಗೆ ಸಣ್ಣ ಸ್ಟೀಲ್ ಲೋಟ ಕೊಡುವಾಗ ಅಂಚು ಬೆರಳಿಂದ ಸವರಿ ನೋಡಿ ಕೊಡಿ. ಅಗ್ಗದ ಮಾಲಿನಲ್ಲಿ ಅಂಚು ಮಡಚದೇ ಚೂಪಾಗಿ ಬಿಟ್ಟಿರೋದು ಉಂಟು.

ಯಾವಾಗ ಡಾಕ್ಟರ್ ಹತ್ರ?

ಶುರುವಿನಲ್ಲಿ ಒಂದೆರಡು ಸಲ ಕೆಮ್ಮೋದು ಸಹಜ. ಕುಡಿದಾಗಲೆಲ್ಲಾ ಕೆಮ್ಮು, ಮೂಗಿನಿಂದ ಹಾಲು ಬರೋದು, ಕುಡಿದ ಮೇಲೆ ಗೊರಗೊರ ದನಿ, ಪದೇ ಪದೇ ಕಫ, ತೂಕ ಏರದಿರೋದು ಇದ್ದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರು ಅಥವಾ ಹಾಸನದ ಹಿಮ್ಸ್‌ಗೆ ತೋರಿಸಿ. ನುಂಗೋ ತೊಂದರೆ, ಸೀಳುತುಟಿ, ಸೀಳಂಗುಳ ಇರೋ ಮಕ್ಕಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ತರಬೇತಿ ಎರಡೂ ಸಿಗುತ್ತೆ. ಅಂಥ ಮಕ್ಕಳಿಗೆ ಯಾವ ಕಪ್ ಅಂತ ಅವರೇ ಹೇಳಬೇಕು.

ಅಂಗನವಾಡಿಗೆ ಸೇರಿಸೋ ಮೂರು ವರ್ಷದ ಹೊತ್ತಿಗೆ ಲೋಟ ಬರದಿದ್ದರೆ ಅಲ್ಲೂ ಕಷ್ಟ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 150 ಮಿಲಿ ಹಾಲು. ಅದನ್ನ ಕೊಡೋದು ಲೋಟದಲ್ಲೇ, ಸಿಪ್ಪರ್‌ಗೆ ಬಗ್ಗಿಸಿ ಕೊಡೋಕೆ ಸಹಾಯಕಿಗೆ ಪುರಸೊತ್ತೂ ಇರಲ್ಲ. ಬಸ್ಸಲ್ಲಿ, ಜಾತ್ರೆಯಲ್ಲಿ ಹೇಗಪ್ಪಾ ಅನ್ನೋರು ಮನೆಯಿಂದ ಕಾಯಿಸಿ ಆರಿಸಿದ ನೀರಿನ ಬಾಟ್ಲಿ ಜೊತೆಗೆ ಅದೇ ಪುಟ್ಟ ಲೋಟವನ್ನೂ ಬ್ಯಾಗಿಗೆ ಹಾಕ್ಕೊಳ್ಳಿ. ಬಸ್ ಓಡುವಾಗ ಬೇಡ, ನಿಂತಾಗ ಎರಡು ಗುಟುಕು ಕುಡಿಸಿ.