ಹೆಗಲು ಮುಟ್ಟಿ ನೋಡಿಕೊಂಡ ಹುಳ

2009ರ ಆರಂಭದ ದಿನಗಳು. ಆಗ ನಾನಿದ್ದ ಸಣ್ಣ ಆಫೀಸಿನ ವಿಂಡೋಸ್ ಸರ್ವರ್‌ಗೆ ಒಂದು ವಿಚಿತ್ರ ಕಾಯಿಲೆ ಬಂತು. ಗೂಗಲ್ ತೆರೆಯುತ್ತೆ, ಕನ್ನಡ ಪತ್ರಿಕೆಗಳು ತೆರೆಯುತ್ತವೆ, ಕ್ರಿಕೆಟ್ ಸ್ಕೋರೂ ಬರುತ್ತೆ. ಮೈಕ್ರೋಸಾಫ್ಟ್ ಮಾತ್ರ ಇಲ್ಲ! ಆಂಟಿವೈರಸ್ ಕಂಪನಿಗಳ ತಾಣಗಳೂ ಇಲ್ಲ. ಇಂಟರ್‌ನೆಟ್ ಕೊಡುವವರ ಜೊತೆ ಫೋನಿನಲ್ಲಿ ಜಗಳವಾಡಿದೆ. "ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್" ಅಂದರು. ಪಾಪ, ನಿಜವನ್ನೇ ಹೇಳಿದ್ದರು.

ಹೋಸ್ಟ್ಸ್ ಫೈಲ್ ತೆಗೆದು ನೋಡಿದೆ, ಏನೂ ಇರಲಿಲ್ಲ. ಎನ್‌ಎಸ್‌ಲುಕಪ್ ಓಡಿಸಿದರೆ ಮೈಕ್ರೋಸಾಫ್ಟಿನ ಐಪಿ ವಿಳಾಸ ಸಲೀಸಾಗಿ ಬಂತು! ಅಲ್ಲಿಗೆ ತಲೆ ಓಡಿತು. ಎನ್‌ಎಸ್‌ಲುಕಪ್ ಡಿಎನ್‌ಎಸ್ ಸರ್ವರನ್ನು ತಾನೇ ನೇರವಾಗಿ ಕೇಳುತ್ತೆ, ಬ್ರೌಸರ್ ವಿಂಡೋಸ್ ಮೂಲಕ ಕೇಳುತ್ತೆ. ಅಂದರೆ ತಡೆ ಇರುವುದು ಹೊರಗಲ್ಲ, ವಿಂಡೋಸ್ ಒಳಗೇ. ಡಿಎನ್‌ಎಸ್ ಕ್ಲೈಂಟ್ ಸರ್ವೀಸ್ ನಿಲ್ಲಿಸಿದೆ. ತಾಣಗಳು ತೆರೆದುಕೊಂಡವು!

ಒಳಗೆ ಕೂತಿದ್ದವನ ಹೆಸರು ಕಾನ್‌ಫಿಕರ್. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಹುಳ. ಆ ವರ್ಷದ ಕೊನೆಗೆ ಬಂದ ಎರಡನೇ ಅವತಾರ ಪೆನ್ ಡ್ರೈವ್ ಹತ್ತಿ ಓಡಾಡುವುದನ್ನೂ ಕಲಿತಿತ್ತು, ತಾಣಗಳಿಗೆ ಅಡ್ಡ ನಿಲ್ಲುವುದನ್ನೂ ಕಲಿತಿತ್ತು. ಅದರ ಹತ್ತಿರ ಒಂದು ಪಟ್ಟಿ ಇತ್ತು. ಮೈಕ್ರೋಸಾಫ್ಟ್, ಸಿಮ್ಯಾಂಟೆಕ್, ಕ್ಯಾಸ್ಪರ್‌ಸ್ಕಿ... ಕಡೆಗೆ 'ವೈರಸ್', 'ಸ್ಪೈವೇರ್' ಅನ್ನುವ ಪದಗಳೂ! ವಿಳಾಸದಲ್ಲಿ ಇವು ಕಂಡರೆ ಉತ್ತರ ಸಿಗದಂತೆ ನೋಡಿಕೊಳ್ಳುತ್ತಿತ್ತು. ರೋಗಿ ಔಷಧಿ ಅಂಗಡಿಗೇ ಹೋಗದ ಹಾಗೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಈ ಹುಳದ ಕಥೆಯೂ ಅದೇ. ಎಲ್ಲಾ ತಾಣಗಳನ್ನೂ ತಡೆದಿದ್ದರೆ ಕೇಬಲ್ ಹೋಗಿದೆ ಅಂದುಕೊಳ್ಳುತ್ತಿದ್ದೆವು. ಆಯ್ದು ತಡೆದದ್ದರಿಂದಲೇ ಸಿಕ್ಕಿಬಿತ್ತು. ಸೆಕ್ಯೂರ್‌ವರ್ಕ್ಸ್‌ನ ಜೋ ಸ್ಟೀವರ್ಟ್ ಇದನ್ನೇ ಬಳಸಿ 2009ರಲ್ಲಿ ಕಣ್ಣು ಡಾಕ್ಟರ ಬೋರ್ಡಿನಂಥ ಒಂದು ಪುಟ ಮಾಡಿದರು. ಮೇಲಿನ ಸಾಲಿನಲ್ಲಿ ಸೆಕ್ಯುರಿಟಿ ತಾಣಗಳಿಂದ ಬರುವ ಮೂರು ಚಿತ್ರ, ಕೆಳಗೆ ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳ ಮೂರು ಚಿತ್ರ. ಕೆಳಗಿನವು ಕಂಡು ಮೇಲಿನವು ಕಾಣದಿದ್ದರೆ ಹುಳ ಇರುವ ಸಾಧ್ಯತೆ ಹೆಚ್ಚು. ಆರೂ ಕಾಣದಿದ್ದರೆ ಬ್ರೌಸರ್ ಚಿತ್ರ ತೋರಿಸುತ್ತಿಲ್ಲ ಅಂತ ಅರ್ಥ. ಪ್ರಾಕ್ಸಿ ಹಿಂದೆ ಇದ್ದವರಿಗೆ ಮಾತ್ರ ಈ ಪರೀಕ್ಷೆ ನಂಬುವಂತಿರಲಿಲ್ಲ. ಎಷ್ಟು ಸರಳ ನೋಡಿ!

ಈಗ ನನ್ನ ತಪ್ಪೊಪ್ಪಿಗೆ. ಹುಳ ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ 2008ರ ಅಕ್ಟೋಬರ್ 23ರಂದೇ ಪ್ಯಾಚ್ ಕೊಟ್ಟಿತ್ತು, ಎಂಎಸ್08-067 ಅಂತ. ಹುಳ ಹುಟ್ಟುವ ಮೊದಲೇ ಮದ್ದು ಬಂದಿತ್ತು! "ಸರ್ವರ್ ರೀಸ್ಟಾರ್ಟ್ ಮಾಡಬೇಕಲ್ಲ, ಮುಂದಿನ ವಾರ ನೋಡೋಣ" ಅಂತ ಎಷ್ಟೋ ವಾರ ತಳ್ಳಿದವನು ನಾನು. ಸಾಲದ್ದಕ್ಕೆ, ಸರ್ವೀಸ್ ನಿಲ್ಲಿಸುವ ಉಪಾಯ ಹೊಳೆಯುವ ಮೊದಲು, ಮನೆಯಿಂದ ಕ್ಲೀನ್ ಮಾಡುವ ಟೂಲನ್ನು ಪೆನ್ ಡ್ರೈವಿನಲ್ಲಿ ತಂದು ಸರ್ವರ್‌ಗೆ ಚುಚ್ಚಿದ್ದೆ. ಸಂಜೆ ಅದೇ ಡ್ರೈವ್ ಮನೆಯ ಕಂಪ್ಯೂಟರಿಗೆ. ಫೋಲ್ಡರ್ ಚಿತ್ರ ಹಾಕಿಕೊಂಡ ಸುಳ್ಳು ಆಟೋಪ್ಲೇ ಆಯ್ಕೆ ಬಂತು, ಕ್ಲಿಕ್ ಮಾಡಿದೆ... ಮರುದಿನ ಮನೆಯಲ್ಲೂ ಮೈಕ್ರೋಸಾಫ್ಟ್ ಇಲ್ಲ! ಮದ್ದು ತಂದ ಚೀಲದಲ್ಲೇ ರೋಗವನ್ನು ಮನೆಗೆ ಒಯ್ದಿದ್ದೆ. ಮನೆಯವರ ಮುಂದೆ ಮಾತ್ರ ಇಂಟರ್‌ನೆಟ್‌ನವರನ್ನೇ ಬೈದೆ ಅನ್ನಿ.

ಈಗಲೂ ಯಾರಾದರೂ "ಒಂದೆರಡು ಸೈಟ್ ಬರ್ತಿಲ್ಲ, ಉಳಿದದ್ದೆಲ್ಲ ಬರುತ್ತೆ" ಅಂದರೆ ನಾನು ಕೇಳುವ ಮೊದಲ ಪ್ರಶ್ನೆ: ಯಾವುದು ಬರ್ತಿಲ್ಲ? ಆ ಪಟ್ಟಿ ಓದಿದರೆ ಅರ್ಧ ಉತ್ತರ ಅಲ್ಲೇ ಇರುತ್ತೆ.

ನಿಮ್ಮ ಮನೆಗೂ ಆಗ ಈ ಹುಳ ಬಂದಿತ್ತಾ? ಯಾರ ಪೆನ್ ಡ್ರೈವಿನಲ್ಲಿ?