ಸಣ್ಣ ಉದ್ದಿಮೆಗೆ ಸ್ವಂತ ಜಾಲತಾಣ: ಹುಡುಕಾಟ-ವೆಚ್ಚದ ವಾದದ ಮರುಪರಿಶೀಲನೆ

1

ಸಣ್ಣ ಉದ್ದಿಮೆಗೆ ಸ್ವಂತ ಜಾಲತಾಣ ಏಕೆ ಬೇಕು ಎಂಬ ಪ್ರಶ್ನೆಗೆ ರೂಢಿಯಲ್ಲಿರುವ ಉತ್ತರ ಒಂದೇ: ದೂರದ ಗಿರಾಕಿ ಸುಲಭವಾಗಿ ಹುಡುಕಿಕೊಂಡು ಬರುತ್ತಾನೆ. ಇದರ ಬೇರು ಜಾರ್ಜ್ ಸ್ಟಿಗ್ಲರ್ 1961ರಲ್ಲಿ ಮಂಡಿಸಿದ ಮಾಹಿತಿಯ ಅರ್ಥಶಾಸ್ತ್ರದಲ್ಲಿದೆ. ಬೆಲೆ ತಿಳಿಯಲು ಕೊಳ್ಳುವವನು ಪಡುವ ಶ್ರಮವೂ ಒಂದು ವೆಚ್ಚ, ಅದು ಇಳಿದರೆ ಮಾರುಕಟ್ಟೆಯ ಲೆಕ್ಕಾಚಾರವೇ ಬದಲಾಗುತ್ತದೆ ಎಂಬುದು ಅದರ ತಿರುಳು. ಭಾರತದಲ್ಲಿ ಇದಕ್ಕೆ ಸಿಕ್ಕ ಬಹು ಪ್ರಸಿದ್ಧ ಸಾಕ್ಷ್ಯ ರಾಬರ್ಟ್ ಜೆನ್ಸನ್ ಅವರ 2007ರ ಅಧ್ಯಯನ. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂದ ಮೇಲೆ ಬೂತಾಯಿ ಮೀನಿನ ಬೆಲೆ ದಕ್ಕೆಯಿಂದ ದಕ್ಕೆಗೆ ಏರುಪೇರಾಗುವುದು ಬಹುಮಟ್ಟಿಗೆ ನಿಂತಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿ, ಗ್ರಾಹಕ ಕೊಡುವ ಬೆಲೆ ಶೇ. 4ರಷ್ಟು ಇಳಿಯಿತು. ಮಧ್ಯಪ್ರದೇಶದಲ್ಲಿ ಐಟಿಸಿ ಕಂಪನಿ ಸ್ಥಾಪಿಸಿದ ಇಂಟರ್ನೆಟ್ ಕೇಂದ್ರಗಳನ್ನು ಕುರಿತ ಅಪರಾಜಿತಾ ಗೋಯಲ್ ಅವರ 2010ರ ಅಧ್ಯಯನವೂ ಸೋಯಾಬೀನ್ ಬೆಲೆ ಶೇ. 1ರಿಂದ 3ರಷ್ಟು ಏರಿದ್ದನ್ನು ದಾಖಲಿಸಿದೆ.

ಈ ಫಲಿತಾಂಶಗಳ ಬಗ್ಗೆ ಇಲ್ಲಿ ತಕರಾರಿಲ್ಲ. ತಕರಾರು ಇರುವುದು ಇವನ್ನು ಕಸುಬುದಾರನ, ಮನೆ ಉದ್ದಿಮೆಯ ಜಾಲತಾಣಕ್ಕೆ ಹಾಗೆಯೇ ಅನ್ವಯಿಸುವ ಬಗ್ಗೆ. ಒಂದು ದೋಣಿಯ ಬೂತಾಯಿಗೂ ಪಕ್ಕದ ದೋಣಿಯ ಬೂತಾಯಿಗೂ ಕೊಳ್ಳುವವನ ಕಣ್ಣಿಗೆ ವ್ಯತ್ಯಾಸವಿಲ್ಲ. ಸಣ್ಣ ಉದ್ದಿಮೆ ಬದುಕುವುದೇ ಆ ವ್ಯತ್ಯಾಸದ ಮೇಲೆ.

2

ಯಾನಿಸ್ ಬಾಕೋಸ್ 1997ರಲ್ಲಿ ಇದೇ ಸಿದ್ಧಾಂತವನ್ನು ವಿದ್ಯುನ್ಮಾನ ಮಾರುಕಟ್ಟೆಗೆ ವಿಸ್ತರಿಸಿದರು. ಅವರ ಪ್ರಬಂಧವನ್ನು ಜಾಲತಾಣದ ಪರವಾಗಿ ಉದ್ಧರಿಸುವವರು ಅದರ ಮುಖ್ಯ ನಿಗಮನವನ್ನು ಕಡೆಗಣಿಸುತ್ತಾರೆ. ಹುಡುಕಾಟ ಅಗ್ಗವಾದಷ್ಟೂ ಹೋಲಿಕೆ ಸುಲಭವಾಗುತ್ತದೆ, ಹೋಲಿಕೆ ಸುಲಭವಾದಷ್ಟೂ ಮಾರುವವರ ಲಾಭ ಕರಗುತ್ತದೆ ಎಂಬುದೇ ಆ ನಿಗಮನ. ಸಣ್ಣ ವ್ಯಾಪಾರಿಗೆ ಭರವಸೆ ಕೊಡಲು ಬಳಸುವ ಸಿದ್ಧಾಂತವೇ ಲಾಭದ ದೊಡ್ಡ ಪಾಲು ಗಿರಾಕಿಯದು ಎನ್ನುತ್ತಿದೆ.

ಬಾಕೋಸ್ ಅವರೇ ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ಬೆಲೆಯ ಮಾಹಿತಿ ಅಗ್ಗವಾಗುವುದೂ ಸರಕಿನ ಗುಣದ ಮಾಹಿತಿ ಅಗ್ಗವಾಗುವುದೂ ಒಂದೇ ಅಲ್ಲ. ಜಾನ್ ಲಿಂಚ್ ಮತ್ತು ಡ್ಯಾನ್ ಆರಿಯಲಿ 2000ದಲ್ಲಿ ಆನ್‌ಲೈನ್ ವೈನ್ ಖರೀದಿಯ ಪ್ರಯೋಗದಲ್ಲಿ ಇದನ್ನು ತೋರಿಸಿದರು. ಎರಡೂ ಅಂಗಡಿಗಳಲ್ಲಿ ಸಿಗುವ ವೈನ್‌ಗಳನ್ನು ಹೋಲಿಸುವುದು ಸುಲಭವಾದಾಗ ಕೊಳ್ಳುವವರು ಬೆಲೆಗೆ ಹೆಚ್ಚು ಗಮನ ಕೊಟ್ಟರು. ಒಂದೇ ಅಂಗಡಿಯಲ್ಲಿ ಸಿಗುವ ವೈನ್‌ಗಳ ಗುಣದ ವಿವರ ಸುಲಭವಾಗಿ ದೊರೆತಾಗ ಬೆಲೆಯ ಚಿಂತೆ ತಗ್ಗಿತು.

ಚನ್ನಪಟ್ಟಣದ ಆಟಿಕೆಯನ್ನು ಈ ಬೆಳಕಿನಲ್ಲಿ ನೋಡಬಹುದು. ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಹತ್ತಿಸಿ ಮಾಡುವ ಈ ಆಟಿಕೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ದೊಡ್ಡ ಮಾರಾಟ ವೇದಿಕೆಯ ಹುಡುಕಾಟದ ಪುಟದಲ್ಲಿ ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಆಟಿಕೆ ಕೂತಿರುತ್ತದೆ, ಎರಡರ ಕೆಳಗೂ ಕಣ್ಣಿಗೆ ಹೊಡೆಯುವಂತೆ ಬೆಲೆ. ಕಸುಬುದಾರನ ಸ್ವಂತ ಜಾಲತಾಣದಲ್ಲಿ ಮರ, ಅರಗು, ಕೈಕೆಲಸ ಮೊದಲು ಬರುತ್ತವೆ, ಬೆಲೆ ಆಮೇಲೆ. ಹೋಲಿಕೆಯ ಚೌಕಟ್ಟನ್ನು ಯಾರು ಹಾಕುತ್ತಾರೆ ಎಂಬುದು ಇಲ್ಲಿ ನಿರ್ಣಾಯಕ.

3

ಆದರೂ ಇಷ್ಟರಿಂದ ಜಾಲತಾಣ ಸ್ವಂತದ್ದೇ ಆಗಿರಬೇಕು ಎಂದು ಸಿದ್ಧವಾಗುವುದಿಲ್ಲ. ಬೇರೆ ಕಂಪನಿ ಉಚಿತವಾಗಿ ಕೊಟ್ಟ ಪುಟದಲ್ಲೂ ಇದೇ ವಿವರ ಬರೆಯಬಹುದಲ್ಲ? ಈ ಆಕ್ಷೇಪಕ್ಕೆ ಉತ್ತರ ಕೊಡಬಲ್ಲ ಸಾಕ್ಷ್ಯ 2024ರಲ್ಲಿ ಒದಗಿತು. ಗೂಗಲ್ ಕಂಪನಿ 2017ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಉಚಿತ ಜಾಲತಾಣ ಮಾಡಿಕೊಡುವ ಸೌಲಭ್ಯ ಆರಂಭಿಸಿತ್ತು. ಬೇರೆ ಡೊಮೇನ್ ಹೆಸರು ಪಡೆಯದವರ ವಿಳಾಸ ‘ಬಿಸಿನೆಸ್.ಸೈಟ್’ ಎಂದು ಮುಗಿಯುತ್ತಿತ್ತು. 2024ರ ಮಾರ್ಚ್‌ನಲ್ಲಿ ಕಂಪನಿ ಆ ಸೌಲಭ್ಯವನ್ನು ನಿಲ್ಲಿಸಿತು. ಹಳೆಯ ವಿಳಾಸಕ್ಕೆ ಬಂದವರನ್ನು ಜೂನ್ 10ರವರೆಗೆ ಗೂಗಲ್‌ನದೇ ವ್ಯಾಪಾರ ವಿವರದ ಪುಟಕ್ಕೆ ಕಳಿಸಲಾಯಿತು, ಆಮೇಲೆ ಅದೂ ಇಲ್ಲ.

ಈ ಘಟನೆಯ ಬೆಲೆ ಇರುವುದು ಅದು ಒದಗಿಸುವ ಹೋಲಿಕೆಯಲ್ಲಿ. ಪುಟಗಳು ಒಂದೇ ಬಗೆಯವು, ಹುಡುಕಾಟದಲ್ಲಿ ಸಿಗುವ ಅನುಕೂಲವೂ ಸರಿಸುಮಾರು ಸಮ. ಸ್ವಂತ ಹೆಸರನ್ನು ನೋಂದಾಯಿಸಿಕೊಂಡು ಅದಕ್ಕೆ ಜೋಡಿಸಿದ್ದವರು ಆ ಹೆಸರನ್ನು ಇನ್ನೊಂದು ಸರ್ವರ್‌ನತ್ತ ತಿರುಗಿಸಿ ಮುಂದುವರಿಯಬಹುದಿತ್ತು. ಹಾಗೆ ಮಾಡಿದವರ ಅಂಗಡಿಯ ಬೋರ್ಡು, ಬಿಲ್ಲು, ವಿಸಿಟಿಂಗ್ ಕಾರ್ಡಿನ ಮೇಲಿನ ವಿಳಾಸ ಕೆಡಲಿಲ್ಲ. ಉಳಿದವರಿಗೆ ಆ ದಾರಿಯೇ ಇರಲಿಲ್ಲ. ಹೆಸರನ್ನು ಹೀಗೆ ತಿರುಗಿಸುವುದು ಸಾಧ್ಯವಾದದ್ದು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡೊಮೇನ್ ಹೆಸರಿನ ವ್ಯವಸ್ಥೆಯಿಂದ; ಅದರಲ್ಲಿ ಹೆಸರು ಬೇರೆ, ಪುಟವನ್ನು ಇಟ್ಟಿರುವ ಯಂತ್ರ ಬೇರೆ.

ಕಾನೂನೂ ಈ ಹೆಸರಿಗೆ ಬೆಲೆ ಕೊಟ್ಟಿದೆ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ವ್ಯಾಜ್ಯ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಹುಟ್ಟಿತು. ಅಲ್ಲಿ ಸಿಕ್ಕ ತಡೆಯಾಜ್ಞೆಯನ್ನು ಕರ್ನಾಟಕ ಹೈಕೋರ್ಟ್ ತೆಗೆದುಹಾಕಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರುಸ್ಥಾಪಿಸಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ಅದು ವ್ಯಾಪಾರದ ಗುರುತು, ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆಗೆ ಅರ್ಹ ಎಂಬ ನಿಲುವು ಅಲ್ಲಿ ಸ್ಥಿರವಾಯಿತು.

4

ಇಷ್ಟರ ಆಧಾರದ ಮೇಲೆ ಈ ಲೇಖನದ ಪ್ರತಿಪಾದನೆ ಹೀಗಿದೆ: ಸ್ವಂತ ಜಾಲತಾಣದ ಮುಖ್ಯ ಲಾಭ ಹೊಸ ಗಿರಾಕಿ ಸಿಗುವುದರಲ್ಲಿಲ್ಲ, ಒಮ್ಮೆ ಬಂದ ಗಿರಾಕಿ ಮಧ್ಯವರ್ತಿಯ ಹಂಗಿಲ್ಲದೆ ಮತ್ತೆ ಬರುವುದರಲ್ಲಿದೆ. ಮೊರಾಕೊದ ಸೆಫ್ರೂ ಪೇಟೆಯನ್ನು ಅಧ್ಯಯನ ಮಾಡಿದ ಕ್ಲಿಫರ್ಡ್ ಗೀರ್ಟ್ಸ್, ಮಾಹಿತಿ ವಿರಳವಾದ ಕಡೆ ಜನ ಹುಡುಕುತ್ತ ಅಲೆಯುವ ಬದಲು ವರ್ತನೆಯ ಅಂಗಡಿಗೇ ಮರಳುತ್ತಾರೆ ಎಂದು 1978ರಲ್ಲಿ ತೋರಿಸಿದ್ದರು. ಮಾರಾಟ ವೇದಿಕೆಯ ಮೂಲಕ ಬಂದ ಗಿರಾಕಿಯ ಸಂಪರ್ಕ ವಿವರ ಬಹುಮಟ್ಟಿಗೆ ವೇದಿಕೆಯಲ್ಲೇ ಉಳಿಯುವುದರಿಂದ ವರ್ತನೆ ಬೆಳೆಯುವುದು ವೇದಿಕೆಯೊಂದಿಗೆ, ವ್ಯಾಪಾರಿಯೊಂದಿಗಲ್ಲ. ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ವಿವರಿಸಿದಂತೆ, ಹೊರಹೋಗುವ ದಾರಿ ಇರುವವನ ಮಾತಿಗೆ ತೂಕ ಬರುತ್ತದೆ. ಕಮಿಷನ್ ಏರಿದಾಗ ಸ್ವಂತ ಜಾಲತಾಣವಿರುವ ವ್ಯಾಪಾರಿ ವೇದಿಕೆಯನ್ನು ಬಿಡದೆಯೂ ಬಿಡಬಲ್ಲೆ ಎನ್ನಬಹುದು. 2016ರ ಯುಪಿಐ ಬಂದ ಮೇಲೆ ಹಣ ಪಡೆಯಲು ವೇದಿಕೆಯ ನೆರವು ಬೇಕೇಬೇಕು ಎಂಬ ಸ್ಥಿತಿಯೂ ಇಲ್ಲ.

ಈ ಪ್ರತಿಪಾದನೆಯನ್ನು ಮಿತಿಗಳೊಡನೆಯೇ ಓದಬೇಕು. ಬಲವಾದ ಪ್ರತಿವಾದ ಮೈಕೆಲ್ ಲೂಕಾ ಅವರ 2011ರ ಅಧ್ಯಯನದಿಂದ ಬರುತ್ತದೆ: ಗ್ರಾಹಕರು ವಿಮರ್ಶೆ ಬರೆಯುವ ಯೆಲ್ಪ್ ತಾಣದಲ್ಲಿ ಒಂದು ನಕ್ಷತ್ರ ಹೆಚ್ಚಾದರೆ ಹೋಟೆಲಿನ ವರಮಾನ ಶೇ. 5ರಿಂದ 9ರಷ್ಟು ಏರುತ್ತಿತ್ತು, ಈ ಪರಿಣಾಮ ಕಂಡದ್ದು ಸರಣಿ ಹೋಟೆಲುಗಳಲ್ಲಲ್ಲ, ಸ್ವತಂತ್ರ ಹೋಟೆಲುಗಳಲ್ಲಿ. ಅಪರಿಚಿತ ಗಿರಾಕಿ ನಂಬುವುದು ಮೂರನೆಯವರ ಮಾತನ್ನು, ವ್ಯಾಪಾರಿಯ ಆತ್ಮಪ್ರಶಂಸೆಯನ್ನಲ್ಲ. ಇದನ್ನು ಒಪ್ಪಲೇಬೇಕು, ಆದರೆ ಮೊದಲ ಭೇಟಿಗೆ ವೇದಿಕೆ, ಮರುಭೇಟಿಗೆ ಜಾಲತಾಣ ಎಂಬ ಕೆಲಸದ ಹಂಚಿಕೆಗೆ ಅದು ವಿರೋಧಿಯಲ್ಲ. ಎರಡನೆಯದಾಗಿ, ದೂರದಿಂದ ಮತ್ತೆ ಮತ್ತೆ ಕೊಳ್ಳುವ ಗಿರಾಕಿಗಳಿಲ್ಲದ ಕಡೆ, ಉದಾಹರಣೆಗೆ ಬೀದಿ ಮೂಲೆಯ ಚಹಾ ಅಂಗಡಿಗೆ, ಈ ವಾದ ಸಲ್ಲದು. ಮೂರನೆಯದಾಗಿ, ಡೊಮೇನ್ ಹೆಸರೂ ಅವಧಿಗೆ ಪಡೆದದ್ದೇ. ನವೀಕರಿಸದಿದ್ದರೆ ಕೈತಪ್ಪುತ್ತದೆ, ಜಾಲತಾಣ ಕಟ್ಟಿಕೊಟ್ಟವನು ತನ್ನ ಹೆಸರಿನಲ್ಲೇ ನೋಂದಾಯಿಸಿದ್ದರೆ ಅದು ವ್ಯಾಪಾರಿಯ ಸ್ವತ್ತು ಎನ್ನುವುದೇ ಕಷ್ಟ.

5

ಹುಡುಕಾಟ-ವೆಚ್ಚದ ವಾದವನ್ನು ಕೈಬಿಡಬೇಕೆಂದು ಈ ಲೇಖನ ಹೇಳುತ್ತಿಲ್ಲ. ಒಂದೇ ಬಗೆಯ ಸರಕಿಗೆ ಅದು ಸಲ್ಲುತ್ತದೆ. ವ್ಯತ್ಯಾಸವನ್ನೇ ಮಾರುವ ಉದ್ದಿಮೆಗೆ ಚೌಕಾಸಿಯ ಬಲ ಮತ್ತು ವಿಳಾಸದ ಬಾಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದಷ್ಟೇ ಇಲ್ಲಿನ ತಿದ್ದುಪಡಿ. ಬಿಡುವ ದಾರಿ ಇದೆ ಎಂಬ ಕಾರಣಕ್ಕೇ ವೇದಿಕೆ ಸಣ್ಣ ವ್ಯಾಪಾರಿಗೆ ಉತ್ತಮ ಷರತ್ತು ಕೊಡುತ್ತದೆಯೇ, ಇಲ್ಲವೇ ಆ ಬಲ ದೊಡ್ಡ ಮಾರಾಟಗಾರರಿಗೆ ಮಾತ್ರ ದಕ್ಕುತ್ತದೆಯೇ ಎಂಬುದನ್ನು ಇಲ್ಲಿನ ಆಧಾರಗಳಿಂದ ತೀರ್ಮಾನಿಸಲಾಗದು. ಅದಕ್ಕೆ ವ್ಯಾಪಾರಿಗಳ ಲೆಕ್ಕಪುಸ್ತಕಗಳಲ್ಲಿ ಮೊದಲ ಖರೀದಿಯನ್ನೂ ಮರುಖರೀದಿಯನ್ನೂ ಬೇರ್ಪಡಿಸಿ ನೋಡುವ ಕ್ಷೇತ್ರಕಾರ್ಯ ಬೇಕು.