ಡಬ್ಬಿಯೊಳಗಿನ ಬಂಡವಾಳ

ಹಣದ ಮುಗ್ಗಟ್ಟಿಗೆ ಸಿಕ್ಕಿದ ಉದ್ಯಮವೊಂದು ತನ್ನ ಬೌದ್ಧಿಕ ಸ್ವತ್ತನ್ನು ಅಡವಿಟ್ಟು ಚೇತರಿಸಿಕೊಳ್ಳಬಹುದೆಂಬ ವಿಚಾರವನ್ನು, ನಿನ್ನೆ ಮೊನ್ನೆ ದೊರೆತ ಸಂಜೀವಿನಿಯೆಂಬಂತೆ ವಾಣಿಜ್ಯಪತ್ರಿಕೆಗಳು ಈಚೆಗೆ ಬಣ್ಣಿಸತೊಡಗಿವೆ. ಮದರಾಸಿನ ಕೋಡಂಬಾಕ್ಕದಲ್ಲಿ ಚಿತ್ರನಿರ್ಮಾಪಕರ ಕರಾರುಪತ್ರಗಳನ್ನು ಬರೆಯುತ್ತ, ತಿದ್ದುತ್ತ ಆಯುಷ್ಯದ ಬಹುಭಾಗವನ್ನು ಸವೆಸಿದವನಿಗೆ ಈ ವರ್ಣನೆ ವಿಸ್ಮಯದೊಡನೆ ತುಸು ಬೇಸರವನ್ನೂ ತರುವುದು ಸಹಜ. ಏಕೆಂದರೆ ಬ್ಯಾಂಕುಗಳು ಅಮೂರ್ತ ಸ್ವತ್ತಿನ ಮಾತೆತ್ತುವುದಕ್ಕೆ ಬಹಳ ಮೊದಲೇ ಈ ಬಡಾವಣೆಯ ಜನ, ಇನ್ನೂ ತೆರೆಕಾಣದ ಚಿತ್ರದ ಹಕ್ಕನ್ನೇ ಒತ್ತೆಯಿಟ್ಟು ಸಾಲ ತಂದರು. ಆ ಸಾಲವನ್ನು ಕೆಲವರು ತೀರಿಸಿದರು, ಕೆಲವರು ಅದರಲ್ಲಿ ಮುಳುಗಿದರು. ನಟರನ್ನೂ ಹಾಡುಗಳನ್ನೂ ಕುರಿತು ಸಂಪುಟಗಳನ್ನೇ ಬರೆದಿರುವ ನಮ್ಮ ಚಿತ್ರೇತಿಹಾಸಕಾರರು ಈ ಕಾಗದಪತ್ರಗಳ ಕಡೆಗೆ ಕಣ್ಣೆತ್ತಿಯೂ ನೋಡಿಲ್ಲ.

ಆದಿಘಟ್ಟವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಆರ್. ನಾಗೇಂದ್ರರಾಯರು ನಿರ್ದೇಶಿಸಿದ 1943ರ ‘ಸತ್ಯ ಹರಿಶ್ಚಂದ್ರ’ಕ್ಕೆ ಎ.ವಿ. ಮೆಯ್ಯಪ್ಪನ್ ಮರುವರ್ಷ ತಮಿಳು ಮಾತನ್ನು ಕೂಡಿಸಿ ಬಿಡುಗಡೆ ಮಾಡಿದಾಗ, ಒಮ್ಮೆ ತೆಗೆದ ಚಿತ್ರ ಎರಡು ಸಲ ಸಂಪಾದಿಸಬಲ್ಲುದೆಂಬುದು ದಕ್ಷಿಣದಲ್ಲಿ ಸಿದ್ಧವಾಯಿತು. ಅವರ ಎ.ವಿ.ಎಂ. ಸ್ಟುಡಿಯೋ 1948ರಲ್ಲಿ ಕಾರೈಕ್ಕುಡಿಯಿಂದ ಕೋಡಂಬಾಕ್ಕಕ್ಕೆ ಬಂದಿತು. 1954ರಲ್ಲಿ ಗುಬ್ಬಿ ಕರ್ನಾಟಕ ಫಿಲ್ಮ್ಸ್‌ನೊಡನೆ ಕೂಡಿ ತೆಗೆದ ‘ಬೇಡರ ಕಣ್ಣಪ್ಪ’ದ ಕಥೆ ಅದೇ ವರ್ಷ ತೆಲುಗಿನಲ್ಲಿಯೂ ಚಿತ್ರವಾಯಿತು, ರಂಗಭೂಮಿಯ ಸೊತ್ತು ಹೀಗೆ ಹೊಸ ಮಾಧ್ಯಮದಲ್ಲಿ ಎರಡನೆಯ ಜನ್ಮ ಪಡೆಯಿತು.

ನಿಜವಾದ ಕೌಶಲ ಕಾಣಿಸಿಕೊಂಡದ್ದು ಅನಂತರದ ಮೂರು ದಶಕಗಳಲ್ಲಿ. ನಿರ್ಮಾಪಕನಿಗೆ ಕಟ್ಟಡವಿರಲಿಲ್ಲ, ಯಂತ್ರವಿರಲಿಲ್ಲ; ಕಾಲ್‌ಷೀಟೂ ಕಥೆಯೂ ಮಾತ್ರ ಇದ್ದುವು. ಆತ ಚಿತ್ರವನ್ನು ಏರಿಯಾಗಳಾಗಿ ವಿಂಗಡಿಸಿ, ಒಬ್ಬ ವಿತರಕನಿಂದ ಮಿನಿಮಮ್ ಗ್ಯಾರಂಟಿಯನ್ನೂ ಮತ್ತೊಬ್ಬನಿಂದ ಅಡ್ವಾನ್ಸನ್ನೂ ಪಡೆದು, ಉಳಿದ ಕೊರತೆಗೆ ಫೈನಾನ್ಶಿಯರನ ಬಾಗಿಲು ತಟ್ಟುತ್ತಿದ್ದನು. ಆಗ ಹುಟ್ಟುತ್ತಿದ್ದುದೇ ಲ್ಯಾಬ್ ಲೆಟರು. ಅದು ಒಂದೇ ಪುಟದ ಕಾಗದ. ಇಂಥ ಚಿತ್ರದ ನೆಗೆಟಿವ್ ನಿಮ್ಮಲ್ಲಿದೆ, ಇಂಥವರ ಲಿಖಿತ ಒಪ್ಪಿಗೆಯಿಲ್ಲದೆ ಅದನ್ನಾಗಲಿ ಅದರಿಂದ ತೆಗೆದ ಪ್ರಿಂಟನ್ನಾಗಲಿ ಹೊರಕ್ಕೆ ಬಿಡತಕ್ಕದ್ದಲ್ಲ ಎಂದು ನಿರ್ಮಾಪಕ ಲ್ಯಾಬೊರೇಟರಿಗೆ ಬರೆಯುತ್ತಿದ್ದನು. ಲ್ಯಾಬಿನವರು ಒಪ್ಪಿಗೆಯ ರುಜು ಹಾಕಿ ಮೊಹರು ಒತ್ತುತ್ತಿದ್ದರು. ಬಿಡುಗಡೆಯ ಹಿಂದಿನ ರಾತ್ರಿ ವಿತರಕರ ಹಣ ಬಂದು, ಫೈನಾನ್ಶಿಯರನ ಬಾಕಿ ಚುಕ್ತವಾಗಿ, ಕ್ಲಿಯರೆನ್ಸ್ ಕೈಸೇರಿದ ಮೇಲೆಯೇ ಡಬ್ಬಿಗಳು ರೈಲು ಹತ್ತುತ್ತಿದ್ದುವು. ಚಿತ್ರಕ್ಕೆ ಬೆಲೆಕಟ್ಟುವ ಗೋಜಿಗೆ ಇಲ್ಲಿ ಯಾರೂ ಹೋಗಲಿಲ್ಲವೆಂಬುದನ್ನು ಗಮನಿಸಬೇಕು. ಹಕ್ಕು ಯಾರ ಸ್ವಾಧೀನದಲ್ಲಿದೆ, ಹಣ ಯಾವ ಘಳಿಗೆಯಲ್ಲಿ ಯಾವ ದ್ವಾರದಿಂದ ಬರುವುದು ಎಂಬ ಎರಡೇ ಪ್ರಶ್ನೆಗಳಿಗೆ ಉತ್ತರ ಖಚಿತವಾಗಿದ್ದರೆ ಸಾಲ ಸಿಗುತ್ತಿತ್ತು.

ಹಕ್ಕನ್ನೇ ಬಂಡವಾಳವಾಗಿ ಮತ್ತೆ ಮತ್ತೆ ದುಡಿಸಿದ ಈ ಪಂಥದ ಅತ್ಯುತ್ತಮ ಪ್ರತಿನಿಧಿಯೆಂದು ನಾನು ಹೆಸರಿಸುವುದು ಕೋಲಾರ ಸೀಮೆಯ ಬಿ.ಆರ್. ಪಂತುಲು ಅವರನ್ನು. ಅವರ ಪದ್ಮಿನಿ ಪಿಕ್ಚರ್ಸ್ 1958ರಲ್ಲಿ ತೆಗೆದ ‘ಸ್ಕೂಲ್ ಮಾಸ್ಟರ್’ ಅದೇ ವರ್ಷ ತಮಿಳಿನಲ್ಲಿ, ಮರುವರ್ಷ ಹಿಂದಿಯಲ್ಲಿ, ಮುಂದೆ ಮಲಯಾಳ ತೆಲುಗುಗಳಲ್ಲಿ ಮೈದಳೆಯಿತು. ಕನ್ನಡದಂಥ ಕಿರಿದಾದ ಮಾರುಕಟ್ಟೆಯ ಕಥೆಯೊಂದು ಐದು ಭಾಷೆಗಳಲ್ಲಿ ದುಡಿದದ್ದು ಸಾಮಾನ್ಯವಲ್ಲ. ಅವರು 1964ರಲ್ಲಿ ತೆಗೆದ ತಮಿಳಿನ ‘ಕರ್ಣನ್’ ಡಿಜಿಟಲ್ ಸಂಸ್ಕಾರ ಪಡೆದು 2012ರಲ್ಲಿ ಮರಳಿ ಬಂದಾಗ, ಅವರು ತೀರಿಕೊಂಡು ನಾಲ್ಕು ದಶಕಗಳಾಗುತ್ತ ಬಂದಿದ್ದರೂ, ಚೆನ್ನೈನ ಪ್ರೇಕ್ಷಕರು ಮತ್ತೆ ಟಿಕೇಟಿಗೆ ಸಾಲುಗಟ್ಟಿದರು.

ಇದರ ಮರುಮುಖವೂ ಉಂಟು. ಸಂಕಟದಲ್ಲಿದ್ದ ಅನೇಕರು ಬಡ್ಡಿಯ ಭಯದಿಂದ ನೆಗೆಟಿವ್ ರೈಟ್ಸನ್ನೇ ಔಟ್‌ರೈಟ್ ಮಾರಿದರು. ಹಾಲನ್ನು ವರ್ತನೆಗೆ ಕೊಡುವುದರ ಬದಲು ಹಸುವನ್ನೇ ಹೊಡೆದುಕೊಟ್ಟಂತಾಯಿತು. ಚಿತ್ರದ ಹಕ್ಕುಸ್ವಾಮ್ಯದ ಆಯುಸ್ಸು ಬಿಡುಗಡೆಯ ಮರುವರ್ಷದಿಂದ 60 ವರ್ಷವಷ್ಟೇ ಆಗಿರಲು, 99 ವರ್ಷಕ್ಕೆಂದು ಬರೆದ ಪತ್ರಗಳನ್ನು ನಾನು ಕಂಡಿದ್ದೇನೆ. ಇಂಥವನ್ನು ಬರೆದ ವಕೀಲರ ವಿದ್ವತ್ತನ್ನು ಕುರಿತು ಮೌನವೇ ಮೇಲು. 1993ರಲ್ಲಿ ಸನ್, 1994ರಲ್ಲಿ ಉದಯ ವಾಹಿನಿಗಳು ಬಂದು ಹಳೆಯ ಚಿತ್ರಗಳಿಗೆ ಅನಿರೀಕ್ಷಿತ ಬೆಲೆ ಬಂದಾಗ, ಮಾರಿದವರು ಕೈ ಹಿಸುಕಿಕೊಂಡರು, ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕರಾರಿನ ಕಾಲಕ್ಕೆ ಬಳಕೆಯಲ್ಲಿಲ್ಲದ ಮಾಧ್ಯಮವನ್ನು ಅದರಲ್ಲಿ ಸ್ಪಷ್ಟವಾಗಿ ಹೆಸರಿಸದಿದ್ದರೆ ಆ ಹಕ್ಕು ಕೊಂಡವನಿಗೆ ಸೇರದೆಂಬ ಉಪಬಂಧ ಕಾಯಿದೆಗೆ ಸೇರಿದ್ದು 2012ರಲ್ಲಿ.

ಸರಕಾರದ ಕಥೆ ಚಿಕ್ಕದು. ಹಕ್ಕುಸ್ವಾಮ್ಯದ ಮೇಲಿನ ಋಣಭಾರವನ್ನು ನೋಂದಾಯಿಸಬೇಕೆಂದು 1956ರ ಕಂಪನಿ ಕಾಯಿದೆಯೇ ವಿಧಿಸಿತ್ತು. 2002ರ ಸರ್ಫೇಸಿ ಕಾಯಿದೆ ಪೇಟೆಂಟು, ಟ್ರೇಡ್‌ಮಾರ್ಕು, ಹಕ್ಕುಸ್ವಾಮ್ಯಗಳನ್ನು ಅಡಮಾನಯೋಗ್ಯ ಸ್ವತ್ತಿನಲ್ಲಿ ಎಣಿಸಿತು. 2016ರ ದಿವಾಳಿ ಸಂಹಿತೆ ಅವನ್ನು ಪರಿಹಾರಾಧಿಕಾರಿಯ ವಶಕ್ಕೆ ಒಪ್ಪಿಸಿತು. ಬ್ಯಾಂಕುಗಳಾದರೋ ಸ್ವಾಧೀನವನ್ನು ಬಿಟ್ಟು ಮೌಲ್ಯಮಾಪನವನ್ನು ನಂಬಿದವು. ನಾಲ್ಕು ಸಾವಿರ ಕೋಟಿಗೂ ಮಿಗಿಲೆಂದು ಬೆಲೆಕಟ್ಟಿದ್ದ ಕಿಂಗ್‌ಫಿಷರ್ ಏರ್‌ಲೈನ್ಸಿನ ಬ್ರ್ಯಾಂಡು, 2016ರ ಏಪ್ರಿಲ್ ಹರಾಜಿನಲ್ಲಿ 366.70 ಕೋಟಿಗೂ ಬಿಡ್ಡುದಾರರಿಲ್ಲದೆ ಉಳಿಯಿತು. ಹಾರಾಟ ನಿಂತ ವಿಮಾನದ ಹೆಸರಿಗೆ ಆದಾಯವೆಲ್ಲಿಯದು? ನಮ್ಮ ಲ್ಯಾಬುಗಳಿಗೆ ಫಿಲ್ಮು ಒದಗಿಸಿದ ಕೊಡಕ್ ಕಂಪನಿಯೂ 2012ರಲ್ಲಿ ದಿವಾಳಿಯ ರಕ್ಷಣೆ ಕೋರಿ, ಇನ್ನೂರು ಕೋಟಿ ಡಾಲರಿಗೂ ಮಿಗಿಲೆಂದು ಅಂದಾಜಿಸಿದ್ದ ಪೇಟೆಂಟುಗಳನ್ನು ಸುಮಾರು 52 ಕೋಟಿಗೆ ಬಿಟ್ಟುಕೊಟ್ಟಿತು. ಆತುರದಲ್ಲಿ ಮಾರುವವನಿಗೆ ಕೊಳ್ಳುವವನೇ ಬೆಲೆ ಹೇಳುವನೆಂಬ ಈ ಪಾಠ ಕೋಡಂಬಾಕ್ಕದ ಮ್ಯಾನೇಜರುಗಳಿಗೆ ಬಾಯಿಪಾಠವಾಗಿತ್ತು.

ಈಗ ನೆಗೆಟಿವೇ ಇಲ್ಲ; ಚಿತ್ರ ಹಾರ್ಡ್ ಡಿಸ್ಕಿನಲ್ಲಿದೆ, ಪ್ರದರ್ಶನದ ಬೀಗದ ಕೈ ಡಿಜಿಟಲ್ ಸಂಸ್ಥೆಗಳಲ್ಲಿದೆ, ಪ್ರತಿಮಾಡುವುದು ಸುಲಭ. ಲ್ಯಾಬ್ ಲೆಟರಿನ ಬಲ ಉಡುಗಿರುವಾಗ ಅದರ ಸ್ಥಾನದಲ್ಲಿ ನಿಲ್ಲಬೇಕಾದದ್ದು ಸಾರ್ವಜನಿಕ ದಾಖಲೆ. ‘ಬೇಡರ ಕಣ್ಣಪ್ಪ’ದ ಹಕ್ಕು 2014ರ ಕೊನೆಗೆ, ‘ಸ್ಕೂಲ್ ಮಾಸ್ಟರ್’ನದು 2018ರ ಕೊನೆಗೆ ತೀರಿಹೋಯಿತು, ಉಳಿದವುಗಳ ಗಡುವೂ ವರ್ಷವರ್ಷಕ್ಕೆ ಸಮೀಪಿಸುತ್ತಿದೆ. ಚಿತ್ರದ ಶೀರ್ಷಿಕೆಯನ್ನು ನೋಂದಾಯಿಸಿಕೊಳ್ಳುವುದರಲ್ಲಿ ಇಷ್ಟು ಶ್ರದ್ಧೆ ತೋರುವ ನಮ್ಮ ವಾಣಿಜ್ಯಮಂಡಳಿಗಳು ಆ ಚಿತ್ರದ ಹಕ್ಕು ಯಾರದು, ಯಾವ ಏರಿಯಾಕ್ಕೆ, ಎಂದಿನವರೆಗೆ, ಯಾರ ಸಾಲಕ್ಕೆ ಒಳಪಟ್ಟಿದೆಯೆಂಬ ನಾಲ್ಕು ಕಾಲಮುಗಳನ್ನು ಅದೇ ಪುಸ್ತಕದಲ್ಲಿ ಸೇರಿಸಿದರೆ, ಮುಗ್ಗಟ್ಟಿನಲ್ಲಿರುವ ನಿರ್ಮಾಪಕ ತನ್ನ ಚಿತ್ರವನ್ನು ಮಾರದೆ, ಅವಧಿಗೆ ಕೊಟ್ಟು ಉಳಿದುಕೊಳ್ಳಬಲ್ಲನು.